ಚಿನ್ನದ ಪದರ ಎಷ್ಟು ದಪ್ಪ? ಮುಂಬಯಿಯಲ್ಲಿ ಲೇಪಿತ ಆಭರಣ ಕೊಳ್ಳುವವರಿಗೆ ಮಾರ್ಗದರ್ಶಿ

ಮೂರು ವರ್ಷಗಳ ಹಿಂದೆ ಮನೆಯ ಮದುವೆಯೊಂದರ ಸಿದ್ಧತೆಗಾಗಿ ಡೊಂಬಿವಲಿಯಿಂದ ಜವೇರಿ ಬಜಾರಿಗೆ ಹೋಗಿದ್ದೆ. ಮುಂಬಾದೇವಿಯ ದರ್ಶನ ಮುಗಿಸಿ, ಭುಲೇಶ್ವರದ ಗಲ್ಲಿಗಳಲ್ಲಿ ಅರ್ಧ ದಿನ ಅಲೆದು, ಅತ್ತಿಗೆಗೆಂದು ‘ಒಂದು ಗ್ರಾಂ ಚಿನ್ನ’ದ ಎರಡು ಕಡಗಗಳನ್ನೂ ಒಂದು ಕಾಸಿನ ಸರವನ್ನೂ ಕೊಂಡು ತಂದೆ. ಮದುವೆಯ ಚಿತ್ರಗಳಲ್ಲಿ ಅವು ಅಪ್ಪಟ ಚಿನ್ನದಂತೆಯೇ ಕಾಣುತ್ತವೆ. ಆದರೆ ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಕಡಗಗಳ ಒಳಮೈಯಲ್ಲಿ ಕೆಂಪು ಕಾಣಿಸಿಕೊಂಡಿತು, ಅವು ತಗಲುವ ಕಡೆ ಅತ್ತಿಗೆಯ ಮಣಿಕಟ್ಟಿನ ಮೇಲೆ ಹಸಿರು ಗೆರೆ ಮೂಡಿತು, ಸರವೂ ಬಣ್ಣ ಕಳೆದುಕೊಂಡಿತು. ಅಂಗಡಿಯವರು ಮೋಸ ಮಾಡಿದರೆಂದು ಹೇಳಲು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ, ಏಕೆಂದರೆ ಚಿನ್ನದ ಪದರ ಎಷ್ಟು ದಪ್ಪವಿದೆ, ಅದರ ಒಳಗಿರುವ ಲೋಹ ಯಾವುದು ಎಂಬ ಎರಡು ಪ್ರಶ್ನೆಗಳನ್ನು ನಾನು ಕೇಳಿರಲೇ ಇಲ್ಲ.

ಲೇಪಿತ ಆಭರಣ ಕೊಳ್ಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಬೆಳಗಿನ ಎಂಟು ಗಂಟೆಯ ಲೋಕಲ್ ರೈಲಿನಲ್ಲಿ ಅಪ್ಪಟ ಚಿನ್ನದ ಸರ ಧರಿಸಿ ಪ್ರಯಾಣಿಸುವುದು ಜಾಣತನವಲ್ಲ ಎಂಬುದು ಈ ಊರಿನ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಆದರೆ ಮುನ್ನೂರು ರೂಪಾಯಿಯ ಸರಕ್ಕೂ ಆರು ಸಾವಿರ ರೂಪಾಯಿಯ ಸರಕ್ಕೂ ಹೊರನೋಟದಲ್ಲಿ ವ್ಯತ್ಯಾಸವೇ ಇಲ್ಲದಿರುವಾಗ, ಕೊಡುವ ಹಣಕ್ಕೆ ಏನು ಸಿಗುತ್ತಿದೆ ಎಂಬುದನ್ನು ಅಳೆಯುವ ವಿಧಾನ ತಿಳಿದಿರಬೇಕು. ಆ ವಿಧಾನವನ್ನು ನಾನು ಕಲಿತ ಕ್ರಮದಲ್ಲಿಯೇ ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಆಭರಣ ಮೈಯ ಮೇಲೆ ಎಲ್ಲಿರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ನಿರ್ಧರಿಸಿ

ಚಿನ್ನದ ಪದರ ಮುಖ್ಯವಾಗಿ ಉಜ್ಜುವಿಕೆಯಿಂದ ಸವೆಯುತ್ತದೆ. ಪದರ ತೆಳುವಾದ ಮೇಲೆ ಒಳಗಿನ ಲೋಹವನ್ನು ಕೆಡಿಸುವ ಕೆಲಸವನ್ನು ಬೆವರು, ಸಾಬೂನು ಮತ್ತು ಸಮುದ್ರದ ಉಪ್ಪಿನ ಗಾಳಿ ಮಾಡುತ್ತವೆ. ಉಂಗುರ ಮತ್ತು ಬಳೆಗಳು ಪಾತ್ರೆ, ಮೇಜು, ರೈಲಿನ ಹಿಡಿಕೆ ಎಲ್ಲಕ್ಕೂ ತಗಲುವುದರಿಂದ ಅವು ಎಲ್ಲಕ್ಕಿಂತ ಬೇಗ ಬಣ್ಣ ಕಳೆದುಕೊಳ್ಳುತ್ತವೆ. ಸರದ ಕೊಂಡಿಯ ಭಾಗ ಹಾಗೂ ಕತ್ತಿನ ಹಿಂಬದಿಗೆ ತಗಲುವ ಭಾಗ ನಂತರದವು. ಜುಮುಕಿ, ಬೆಂಡೋಲೆಗಳಿಗೆ ಉಜ್ಜುವಿಕೆ ಕಡಿಮೆ, ಆದರೆ ಅವುಗಳ ತಿರುಪಿನ ಕಡ್ಡಿ ಕಿವಿಯ ತೂತಿನೊಳಗೆ ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ.

ಹೀಗಾಗಿ ವರ್ಷಕ್ಕೆ ಎರಡು ಬಾರಿ ಮದುವೆ, ಉಪನಯನಗಳಿಗಷ್ಟೇ ಹೊರಬರುವ ಡಾಬು, ವಂಕಿ, ಉದ್ದನೆಯ ಹಾರಗಳಿಗೆ ತೆಳು ಲೇಪನ ಧಾರಾಳವಾಗಿ ಸಾಕು. ಹಗಲೂ ರಾತ್ರಿ ಕತ್ತಿನಲ್ಲಿರುವ ಕರಿಮಣಿ ಸರಕ್ಕೆ ಅದು ಖಂಡಿತ ಸಾಲದು. ಈ ವಿಂಗಡಣೆಯನ್ನು ಮನೆಯಲ್ಲಿಯೇ ಮಾಡಿಕೊಂಡು ಹೊರಡಿ.

ಎರಡನೆಯ ಹೆಜ್ಜೆ: ಒಳಗಿನ ಲೋಹವನ್ನು ಕೇಳಿ ತಿಳಿಯಿರಿ

ಲೇಪನದ ಅಡಿಯಲ್ಲಿ ಸಾಮಾನ್ಯವಾಗಿ ಹಿತ್ತಾಳೆ, ತಾಮ್ರ, ಬೆಳ್ಳಿ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಸತುವಿನ ಮಿಶ್ರಲೋಹ ಇರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಅತ್ಯಂತ ಅಗ್ಗದ ಸೆಟ್‌ಗಳಲ್ಲಿ ಸತುವಿನ ಮಿಶ್ರಲೋಹವೇ ಹೆಚ್ಚು. ಅದು ಬಿದ್ದರೆ ತುಂಡಾಗುತ್ತದೆ ಮತ್ತು ಮತ್ತೆ ಬೆಸುಗೆ ಹಾಕಿಸುವುದು ಕಷ್ಟ. ಮೂಲವೇ ತಿಳಿಯದ ಇಂಥ ಅಗ್ಗದ ಎರಕದಲ್ಲಿ ಸೀಸ ಅಥವಾ ಕ್ಯಾಡ್ಮಿಯಂ ಬೆರೆತಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದ ಕಾರಣ, ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಅದನ್ನು ತೊಡಿಸಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಹಿತ್ತಾಳೆ ಮತ್ತು ತಾಮ್ರ ಗಟ್ಟಿಯಾಗಿರುತ್ತವೆ, ಮರುಲೇಪನಕ್ಕೂ ಒದಗುತ್ತವೆ. ಬೆವರಿನೊಂದಿಗೆ ಸೇರಿದಾಗ ಚರ್ಮದ ಮೇಲೆ ಹಸಿರು ಗುರುತು ಬಿಡುವುದು ಇವುಗಳಲ್ಲಿರುವ ತಾಮ್ರವೇ. ಅದು ನೋಡಲು ಅಸಹ್ಯವಾದರೂ ಸಾಮಾನ್ಯವಾಗಿ ತೊಳೆದರೆ ಹೋಗುತ್ತದೆ. ನಿಜವಾದ ತೊಂದರೆ ಕೊಡುವುದು ನಿಕಲ್. ತಾಮ್ರದ ಕಣಗಳು ಕಾಲಕ್ರಮದಲ್ಲಿ ಚಿನ್ನದ ಪದರದೊಳಗೆ ನುಸುಳಿ ಮೇಲಕ್ಕೆ ಬರುವುದನ್ನು ತಡೆಯಲು ಲೇಪನ ಮಾಡುವವರು ನಡುವೆ ನಿಕಲ್‌ನ ತೆಳು ಪದರವೊಂದನ್ನು ಕೊಡುತ್ತಾರೆ. ಚಿನ್ನ ಸವೆದಾಗ ಆ ನಿಕಲ್ ಚರ್ಮಕ್ಕೆ ತಾಗಿ, ಅದು ಒಗ್ಗದವರಿಗೆ ತುರಿಕೆ, ಕಿವಿಯ ತೂತಿನಲ್ಲಿ ನೀರು ಬರುವುದು ಮೊದಲಾದ ತೊಂದರೆಗಳನ್ನು ತರುತ್ತದೆ. ಐರೋಪ್ಯ ಒಕ್ಕೂಟವು ಇದೇ ಕಾರಣಕ್ಕಾಗಿ ಚರ್ಮಕ್ಕೆ ದೀರ್ಘಕಾಲ ತಗಲುವ ಆಭರಣದಿಂದ ಹೊರಬರುವ ನಿಕಲ್ ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ ಮೀರಬಾರದೆಂದೂ, ಚುಚ್ಚಿದ ತೂತಿನಲ್ಲಿ ಕೂರುವ ಕಡ್ಡಿಗಳಿಗೆ ಈ ಮಿತಿ 0.2 ಮೈಕ್ರೋಗ್ರಾಂ ಎಂದೂ ಕಟ್ಟಳೆ ಮಾಡಿದೆ. ನಿಕಲ್ ಬದಲು ಪಲ್ಲಾಡಿಯಂ ಪದರ ಕೊಡುವವರೂ ಇದ್ದಾರೆ, ಅದು ದುಬಾರಿ. ಕಿವಿ ಸೂಕ್ಷ್ಮವಾಗಿರುವವರು ಓಲೆ ಲೇಪಿತವಾಗಿದ್ದರೂ ತಿರುಪಿನ ಕಡ್ಡಿಯನ್ನು ಮಾತ್ರ ಚಿನ್ನದಲ್ಲಿ ಮಾಡಿಸಿಕೊಳ್ಳುವುದು ಒಳ್ಳೆಯದು. ಅಕ್ಕಸಾಲಿಗರು ಇದನ್ನು ಮಾಡಿಕೊಡುತ್ತಾರೆ.

ಒಳಗೆ 925 ಬೆಳ್ಳಿ (ಸಾವಿರದಲ್ಲಿ 925 ಪಾಲು ಬೆಳ್ಳಿ) ಇದ್ದರೆ ಪದರ ಸವೆದಾಗ ಕೆಂಪಿನ ಬದಲು ಬಿಳುಪು ಕಾಣುತ್ತದೆ, ಮತ್ತು ಆಭರಣಕ್ಕೆ ಬೆಳ್ಳಿಯ ಬೆಲೆಯಾದರೂ ಉಳಿಯುತ್ತದೆ. ಮಾರಿದಾಗ ಕೈಗೆ ಏನಾದರೂ ಬರುವುದು ಮುಖ್ಯವೆನ್ನುವವರು ಇದನ್ನೇ ಆರಿಸಿಕೊಳ್ಳಬೇಕು.

ಮೂರನೆಯ ಹೆಜ್ಜೆ: ಹೆಸರುಗಳನ್ನು ಬಿಡಿಸಿ ನೋಡಿ

ಮುಂಬಯಿಯ ಅಂಗಡಿಗಳಲ್ಲಿ ಬೆಂಟೆಕ್ಸ್, ಇಮಿಟೇಶನ್, ಗಿಲೀಟು, ಒಂದು ಗ್ರಾಂ, ಮೈಕ್ರೋ ಪ್ಲೇಟಿಂಗ್, ಫಾರ್ಮಿಂಗ್ ಎಂಬ ಹೆಸರುಗಳೆಲ್ಲ ಕಿವಿಗೆ ಬೀಳುತ್ತವೆ. ಊರಿನಲ್ಲಿ ನಮ್ಮವರು ಉಮಾ ಗೋಲ್ಡ್, ರೋಲ್ಡ್ ಗೋಲ್ಡ್ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಮಾರಾಟದ ಹೆಸರುಗಳು. ಪದರ ಎಷ್ಟು ದಪ್ಪವಿದೆ ಎಂಬುದನ್ನು ಅವು ತಾವಾಗಿ ಹೇಳುವುದಿಲ್ಲ. ನಿಜವಾದ ವ್ಯತ್ಯಾಸ ಇರುವುದು ಚಿನ್ನವನ್ನು ಅಂಟಿಸಿದ ವಿಧಾನದಲ್ಲಿ.

ಮೊದಲನೆಯದು ವಿದ್ಯುತ್ ಲೇಪನ. ಚಿನ್ನದ ಲವಣ ಕರಗಿರುವ ದ್ರಾವಣದಲ್ಲಿ ಆಭರಣವನ್ನು ಇಳಿಬಿಟ್ಟು ವಿದ್ಯುತ್ ಹರಿಸಿದಾಗ ಚಿನ್ನ ಅದರ ಮೈಮೇಲೆ ಕೂರುತ್ತದೆ. ಇಟಲಿಯ ಲೂಯಿಜಿ ಬ್ರುನ್ಯಾಟೆಲಿ 1805ರಲ್ಲಿ ಬೆಳ್ಳಿಯ ಪದಕಗಳಿಗೆ ಹೀಗೆ ಚಿನ್ನ ಕೂರಿಸಿದರು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು ಸಯನೈಡ್ ದ್ರಾವಣದ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಇದು ಕಾರ್ಖಾನೆಯ ಕೆಲಸವಾಯಿತು. ಇಂದಿಗೂ ಬಹುಪಾಲು ಕೆಲಸ ನಡೆಯುವುದು ಸಯನೈಡ್ ಸೇರಿರುವ ಚಿನ್ನದ ಲವಣದಿಂದಲೇ. ಆದ್ದರಿಂದ ಮನೆಯಲ್ಲಿ ಲೇಪನ ಮಾಡಿಕೊಳ್ಳುವ ಪ್ರಯತ್ನಕ್ಕೆ ಯಾರೂ ಕೈಹಾಕಬಾರದು. ಈ ವಿಧಾನದಲ್ಲಿ ಪದರ 0.1 ಮೈಕ್ರಾನೂ ಆಗಬಹುದು, 3 ಮೈಕ್ರಾನೂ ಆಗಬಹುದು. ಎಷ್ಟು ಹೊತ್ತು ದ್ರಾವಣದಲ್ಲಿತ್ತು, ಎಷ್ಟು ವಿದ್ಯುತ್ ಹರಿಯಿತು ಎಂಬುದರ ಮೇಲೆ ಅದು ನಿಂತಿದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ.

ಎರಡನೆಯದು ವರ್ಮೇಲ್. ಇದೂ ಲೇಪನವೇ, ಆದರೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) ಕೊಟ್ಟ ಮಾರ್ಗಸೂಚಿಯಂತೆ ಆ ಹೆಸರನ್ನು ಬಳಸಬೇಕಾದರೆ ಒಳಗೆ 925 ಬೆಳ್ಳಿ ಇರಬೇಕು ಮತ್ತು ಮೇಲಿನ ಪದರ ಕನಿಷ್ಠ 10 ಕ್ಯಾರೆಟ್ ಚಿನ್ನದ್ದಾಗಿ, ಕನಿಷ್ಠ 2.5 ಮೈಕ್ರಾನ್ ಅಪ್ಪಟ ಚಿನ್ನಕ್ಕೆ ಸಮನಾದ ದಪ್ಪವಿರಬೇಕು. ನಮ್ಮ ಪೇಟೆಯಲ್ಲಿ ಬೆಳ್ಳಿಯ ಮೇಲೆ ಹೇಗೆ ಚಿನ್ನ ಹಾಕಿದ್ದರೂ ಈ ಹೆಸರಿನಿಂದ ಮಾರುವವರಿದ್ದಾರೆ. ಹೆಸರು ಕೇಳಿ ನಂಬದೆ ಮೈಕ್ರಾನ್ ಕೇಳಬೇಕು.

ಮೂರನೆಯದು ಗೋಲ್ಡ್ ಫಿಲ್ಡ್. ಹೆಸರು ‘ಒಳಗೆ ಚಿನ್ನ ತುಂಬಿದ್ದು’ ಎಂಬಂತೆ ಕೇಳಿಸಿದರೂ ಚಿನ್ನ ಇರುವುದು ಹೊರಗೆ. ಹಿತ್ತಾಳೆಯ ಗಟ್ಟಿಗೆ ಚಿನ್ನದ ತಗಡನ್ನು ಶಾಖ ಮತ್ತು ಒತ್ತಡದಿಂದ ಬೆಸೆದು, ಆಮೇಲೆ ಉರುಳೆಗಳ ನಡುವೆ ಹಾಯಿಸಿ ತಗಡು ಅಥವಾ ತಂತಿ ಎಳೆಯುತ್ತಾರೆ. ಅದೇ ಮಾರ್ಗಸೂಚಿಯಂತೆ ಒಟ್ಟು ತೂಕದ ಇಪ್ಪತ್ತನೆಯ ಒಂದು ಭಾಗ ಚಿನ್ನವಿರಬೇಕು. ‘1/20 14ಕೆ ಜಿಎಫ್’ ಎಂಬ ಮುದ್ರೆಯ ಅರ್ಥ ಇದೇ: ತೂಕದ ಇಪ್ಪತ್ತನೆಯ ಒಂದು ಭಾಗ 14 ಕ್ಯಾರೆಟ್ ಚಿನ್ನ. ಉರುಳೆಯಿಂದ ಹಾಯಿಸುವ ಈ ವಿಧಾನಕ್ಕೇ ಮೂಲದಲ್ಲಿ ರೋಲ್ಡ್ ಗೋಲ್ಡ್ ಎಂಬ ಹೆಸರು ಸಲ್ಲುತ್ತಿತ್ತು. ಈಗ ನಮ್ಮಲ್ಲಿ ಆ ಮಾತು ಎಲ್ಲ ಬಗೆಯ ಲೇಪಿತ ಆಭರಣಕ್ಕೂ ಹರಡಿಕೊಂಡಿದೆ. ಸೂಕ್ಷ್ಮ ಕೆತ್ತನೆಯ ದೇವಸ್ಥಾನ ಶೈಲಿಯ ಒಡವೆಗಳು ಗೋಲ್ಡ್ ಫಿಲ್ಡ್‌ನಲ್ಲಿ ಸಿಗುವುದು ವಿರಳ, ಏಕೆಂದರೆ ಎರಕ ಹೊಯ್ದರೆ ಪದರವೇ ಉಳಿಯುವುದಿಲ್ಲ. ಸಾದಾ ಸರಪಳಿ, ಬಳೆ, ಗುಂಡುಗಳಿಗಷ್ಟೇ ಇದು ಒಗ್ಗುತ್ತದೆ.

ಇನ್ನು ಸ್ಟೀಲಿನ ಮೇಲಿನ ಪಿವಿಡಿ (ಆವಿಯ ರೂಪದಲ್ಲಿ ಕೂರಿಸುವ) ಲೇಪನ. ನಿರ್ವಾತ ಕೋಣೆಯಲ್ಲಿ ಕೂರಿಸುವ ಈ ಹೊಂಬಣ್ಣದ ಪದರ ಅನೇಕ ವೇಳೆ ಟೈಟಾನಿಯಂ ನೈಟ್ರೈಡ್. ಅದರಲ್ಲಿ ಚಿನ್ನವೇ ಇರುವುದಿಲ್ಲ, ಕೆಲವರು ಮೇಲೆ ತೆಳುವಾಗಿ ಚಿನ್ನ ಕೊಡುತ್ತಾರೆ. ಆದರೆ ಅದು ಬಹಳ ಗಡುಸಾದ್ದರಿಂದ ಬೆವರಿಗೂ ಉಜ್ಜುವಿಕೆಗೂ ಚೆನ್ನಾಗಿ ತಡೆಯುತ್ತದೆ. ದಿನವೂ ಕಚೇರಿಗೆ ಹೋಗುವವರಿಗೆ 316 ಎಲ್ ದರ್ಜೆಯ ಸ್ಟೀಲಿನ ಪಿವಿಡಿ ಸರಪಳಿ ಪ್ರಾಮಾಣಿಕವಾದ ಆಯ್ಕೆ. ಅದನ್ನು ಚಿನ್ನವೆಂದು ಕರೆದು ಮಾರಬಾರದು, ಅಷ್ಟೆ.

ನಾಲ್ಕನೆಯ ಹೆಜ್ಜೆ: ಚಿನ್ನವನ್ನು ಲೆಕ್ಕ ಹಾಕಿ

ಈ ಲೆಕ್ಕ ಕಲಿತ ದಿನ ನನಗೆ ಇಡೀ ಪೇಟೆ ಬೇರೆಯಾಗಿ ಕಾಣತೊಡಗಿತು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಮೈಕ್ರಾನ್ ದಪ್ಪಕ್ಕೆ ಚಿನ್ನ ಹರಡಲು ಬೇಕಾಗುವುದು ಸುಮಾರು 2 ಮಿಲಿಗ್ರಾಂ. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

2.6 ಅಳತೆಯ ಒಂದು ಕಡಗವನ್ನು ತೆಗೆದುಕೊಳ್ಳಿ. ಬಳೆಯ ಅಳತೆಯಲ್ಲಿ 2.6 ಎಂದರೆ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ಆರು ಭಾಗ, ಅಂದರೆ ಒಳವ್ಯಾಸ ಸುಮಾರು 60 ಮಿಲಿಮೀಟರ್. ಕಡಗದ ತಂತಿ 4 ಮಿಲಿಮೀಟರ್ ದಪ್ಪದ ದುಂಡು ತಂತಿಯಾದರೆ ಅದರ ಉದ್ದ ಸುಮಾರು 20 ಸೆಂಟಿಮೀಟರ್, ಮೇಲ್ಮೈ ಸುಮಾರು 25 ಚದರ ಸೆಂಟಿಮೀಟರ್ ಆಗುತ್ತದೆ. ಒಂದು ಮೈಕ್ರಾನ್ ಪದರಕ್ಕೆ ಇದಕ್ಕೆ ಬೇಕಾದ ಚಿನ್ನ 48 ಮಿಲಿಗ್ರಾಂ.

ಲೆಕ್ಕದ ಸುಲಭಕ್ಕಾಗಿ ಚಿನ್ನದ ದರ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ನೀವು ಕೊಳ್ಳುವ ದಿನದ ದರಕ್ಕೆ ತಕ್ಕಂತೆ ಏರಿಸಿಕೊಳ್ಳಬಹುದು. 0.1 ಮೈಕ್ರಾನಿನ ತೆಳು ಲೇಪನದಲ್ಲಿ ಒಂದು ಕಡಗದ ಮೇಲಿರುವುದು 5 ಮಿಲಿಗ್ರಾಂ, ಅಂದರೆ 50 ರೂಪಾಯಿಯ ಚಿನ್ನ. ಅರ್ಧ ಮೈಕ್ರಾನಾದರೆ 240 ರೂಪಾಯಿಯದು. 2.5 ಮೈಕ್ರಾನಾದರೆ 120 ಮಿಲಿಗ್ರಾಂ, 1,200 ರೂಪಾಯಿಯದು. ಅದು ವರ್ಮೇಲ್ ಆದರೆ ಒಳಗೆ ಸುಮಾರು 26 ಗ್ರಾಂ ಬೆಳ್ಳಿಯೂ ಇರುತ್ತದೆ. ಗೋಲ್ಡ್ ಫಿಲ್ಡ್ ಕಡಗ ಸುಮಾರು 21.7 ಗ್ರಾಂ ತೂಗುತ್ತದೆ, ಅದರ ಇಪ್ಪತ್ತನೆಯ ಒಂದು ಭಾಗ 1.08 ಗ್ರಾಂ. 14 ಕ್ಯಾರೆಟ್ಟಿನಲ್ಲಿ ಅಪ್ಪಟ ಚಿನ್ನ ನೂರಕ್ಕೆ 58.3 ಪಾಲು ಆದ್ದರಿಂದ ಕಡಗದಲ್ಲಿರುವುದು 0.63 ಗ್ರಾಂ, ಅಂದರೆ 6,300 ರೂಪಾಯಿಯ ಚಿನ್ನ. ಇದೇ ಕಡಗವನ್ನು ಗಟ್ಟಿಯಾಗಿ 22 ಕ್ಯಾರೆಟ್ಟಿನಲ್ಲಿ ಮಾಡಿಸಿದರೆ 44 ಗ್ರಾಂ ತೂಗಿ, ನಾಲ್ಕು ಲಕ್ಷ ರೂಪಾಯಿಯ ಚಿನ್ನ ಬೇಕಾಗುತ್ತದೆ.

ಈಗ ‘ಒಂದು ಗ್ರಾಂ’ ಎಂಬ ಮಾತಿಗೆ ಬನ್ನಿ. ಈ ಕಡಗದ ಮೇಲೆ ನಿಜವಾಗಿ ಒಂದು ಗ್ರಾಂ ಚಿನ್ನ ಹರಡಿದರೆ ಪದರದ ದಪ್ಪ 20 ಮೈಕ್ರಾನ್ ದಾಟುತ್ತದೆ, ಮತ್ತು ಚಿನ್ನಕ್ಕೇ 10,000 ರೂಪಾಯಿ ಆಗುತ್ತದೆ. ಆರುನೂರು ರೂಪಾಯಿಗೆ ಸಿಗುವ ಜೋಡಿ ಕಡಗದಲ್ಲಿ ಅಷ್ಟು ಚಿನ್ನವಿರಲು ಸಾಧ್ಯವೇ ಇಲ್ಲ. ನಾನು ತಂದ ಕಡಗಗಳ ಜೋಡಿಗೆ ಕೊಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ. ಲೋಹ, ಕೂಲಿ, ಅಂಗಡಿಯ ಬಾಡಿಗೆ, ಲಾಭ ಎಲ್ಲವನ್ನೂ ಕಳೆದರೆ ಚಿನ್ನಕ್ಕೆ ಉಳಿಯುವ ಹಣ ಎಷ್ಟೆಂದು ಅಂದೇ ಯೋಚಿಸಿದ್ದರೆ ಅದನ್ನು ಮಳೆಗಾಲದುದ್ದಕ್ಕೂ ಧರಿಸುವಂತೆ ಅತ್ತಿಗೆಗೆ ಹೇಳುತ್ತಿರಲಿಲ್ಲ.

ಐದನೆಯ ಹೆಜ್ಜೆ: ಅಂಗಡಿಯಲ್ಲಿ ಕೇಳಬೇಕಾದುದು

ಮಾಲಾಡಿನ ಸಗಟು ವ್ಯಾಪಾರಿಗಳಾಗಲಿ, ದಾದರಿನ ರಾನಡೆ ರಸ್ತೆಯ ಅಂಗಡಿಯವರಾಗಲಿ, ಮಾಟುಂಗಾದ ಮಾರುಕಟ್ಟೆಯ ಪರಿಚಯದವರಾಗಲಿ, ಪ್ರಶ್ನೆಗಳು ಎಲ್ಲರಿಗೂ ಒಂದೇ: ಒಳಗಿನ ಲೋಹ ಯಾವುದು, ಪದರ ಎಷ್ಟು ಮೈಕ್ರಾನ್, ಎಷ್ಟು ಕ್ಯಾರೆಟ್, ನಡುವೆ ನಿಕಲ್ ಇದೆಯೇ. ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ‘ಆರು ತಿಂಗಳ ಗ್ಯಾರಂಟಿ’ ಎಂದರೆ ಬಣ್ಣ ಹೋದಾಗ ಮರುಲೇಪನ ಮಾಡಿಕೊಡುತ್ತಾರೆಯೇ, ಬದಲಿ ಕೊಡುತ್ತಾರೆಯೇ, ಹಣ ಮರಳಿಸುತ್ತಾರೆಯೇ ಎಂಬುದನ್ನೂ ಕೇಳಿ ಬರೆಸಬೇಕು. ಮೈಕ್ರಾನ್ ಬರೆದುಕೊಡಲು ಒಪ್ಪದಿದ್ದರೆ ಅದು ಅತ್ಯಂತ ತೆಳು ಲೇಪನವೆಂದೇ ತಿಳಿದು ಅದಕ್ಕೆ ತಕ್ಕ ಬೆಲೆಯನ್ನಷ್ಟೇ ಕೊಡಿ.

ಮುದ್ರೆಗಳ ವಿಷಯದಲ್ಲಿ ಎಚ್ಚರ ಬೇಕು. ಭಾರತದಲ್ಲಿ ಚಿನ್ನದ ಆಭರಣಗಳಿಗೆ ಹಾಲ್‌ಮಾರ್ಕ್ 2021ರ ಜೂನ್ 16ರಿಂದ, ಮೊದಲಿಗೆ 256 ಜಿಲ್ಲೆಗಳಲ್ಲಿ, ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಅಂಗಡಿಗಳು ಹಾಲ್‌ಮಾರ್ಕ್ ಆಭರಣವನ್ನು ಅಕ್ಷರ ಮತ್ತು ಅಂಕಿ ಸೇರಿ ಒಟ್ಟು ಆರು ಚಿಹ್ನೆಗಳ ಎಚ್‌ಯುಐಡಿ (ಆ ಆಭರಣಕ್ಕಷ್ಟೇ ಸೇರಿದ ಗುರುತಿನ) ಸಂಖ್ಯೆಯಿಲ್ಲದೆ ಮಾರುವಂತಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಚಿಹ್ನೆ, 22ಕೆ916 ಎಂಬಂಥ ಶುದ್ಧತೆಯ ಗುರುತು, ಎಚ್‌ಯುಐಡಿ, ಈ ಮೂರೂ ಒಟ್ಟಿಗೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಲೇಪಿತ ಆಭರಣಕ್ಕೆ ಚಿನ್ನದ ಹಾಲ್‌ಮಾರ್ಕ್ ದೊರೆಯುವುದಿಲ್ಲ. ಹೀಗಿರುವಾಗ ಹಿತ್ತಾಳೆಯ ಬಳೆಯ ಮೇಲೆ ಬರಿಯ 916 ಎಂದು ಕೊರೆದಿದ್ದರೆ ಆ ಅಂಗಡಿಯಿಂದ ಎದ್ದು ಬರುವುದೇ ಸರಿ.

ಅಂಗಡಿಯ ಕ್ಯಾರೆಟ್ ಮೀಟರ್ ಯಂತ್ರ ಓದುವುದು ಮೇಲ್ಮೈಯನ್ನು. ದಪ್ಪ ಲೇಪನದ ವಸ್ತುವನ್ನು ಅದರಡಿ ಇಟ್ಟರೆ ನಿಜವಾದುದಕ್ಕಿಂತ ಹೆಚ್ಚಿನ ಚಿನ್ನ ತೋರಿಸಬಹುದು. ಅದೊಂದನ್ನೇ ನಂಬಬೇಡಿ.

ಆರನೆಯ ಹೆಜ್ಜೆ: ಮನೆಯಲ್ಲಿ ನೀರಿನಲ್ಲಿ ತೂಗಿ ನೋಡಿ

ಅಯಸ್ಕಾಂತ ಹಿಡಿದು ನೋಡುವುದು ಎಲ್ಲರೂ ಮಾಡುವ ಪರೀಕ್ಷೆ. ಅಂಟಿಕೊಂಡರೆ ಒಳಗೆ ಕಬ್ಬಿಣವೋ ನಿಕಲ್ಲೋ ಇದೆ ಎಂದು ತಿಳಿಯುತ್ತದೆ, ಅಂಟದಿದ್ದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಹಿತ್ತಾಳೆ, ತಾಮ್ರ, ಬೆಳ್ಳಿ ಯಾವುದೂ ಅಂಟುವುದಿಲ್ಲ. ಒರೆಗೆ ಹಚ್ಚಿದರೂ ಮೊದಲ ಗೆರೆ ಮೇಲಿನ ಚಿನ್ನದ್ದೇ ಬೀಳುತ್ತದೆ, ಅರದಿಂದ ಗೀರಿ ಒಳಮೈಯನ್ನು ಉಜ್ಜಿದರಷ್ಟೇ ನಿಜ ಹೊರಬರುತ್ತದೆ.

ಇವೆರಡಕ್ಕಿಂತ ಉತ್ತಮವಾದುದು ಸಾಂದ್ರತೆಯ ಪರೀಕ್ಷೆ. ಗ್ರಾಂನ ನೂರನೆಯ ಒಂದು ಭಾಗದವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಮೊದಲು ಆಭರಣವನ್ನು ಒಣಗಿರುವಾಗ ತೂಗಿ ಬರೆದುಕೊಳ್ಳಿ. ಬಳಿಕ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಆಭರಣವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕಾಗಲಿ ಅಂಚಿಗಾಗಲಿ ತಗಲದಂತೆ, ಪೂರ್ತಿ ಮುಳುಗುವಂತೆ ಇಳಿಬಿಡಿ. ಗಾಳಿಗುಳ್ಳೆಗಳು ಅಂಟಿಕೊಂಡಿದ್ದರೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಆಭರಣದ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ಒಣ ತೂಕವನ್ನು ಅದರಿಂದ ಭಾಗಿಸಿ. ಅತ್ತಿಗೆಯ ಕಡಗ 21.5 ಗ್ರಾಂ ತೂಗಿತು, ನೀರಿನಲ್ಲಿ 2.5 ತೋರಿಸಿತು, ಭಾಗಲಬ್ಧ 8.6: ಹಿತ್ತಾಳೆ. 925 ಬೆಳ್ಳಿಗೆ ಇದು 10.3ರ ಆಸುಪಾಸಿನಲ್ಲಿ, 22 ಕ್ಯಾರೆಟ್ ಚಿನ್ನಕ್ಕೆ 17.7ರ ಆಸುಪಾಸಿನಲ್ಲಿ ಬರುತ್ತದೆ. 7ಕ್ಕಿಂತ ಕೆಳಗೆ ಬಂದರೆ ಸತುವಿನ ಎರಕವಿರಬಹುದು. ಟೊಳ್ಳಾದ ಗುಂಡು, ಅರಗು ತುಂಬಿದ ಒಡವೆ, ಹರಳು ಕೂರಿಸಿದ ಓಲೆಗಳಿಗೆ ಈ ಪರೀಕ್ಷೆ ನಡೆಯದು. ಗೋಲ್ಡ್ ಫಿಲ್ಡ್ ಕೂಡ 8.6ರ ಹತ್ತಿರವೇ ಬರುವುದರಿಂದ ಪದರದ ದಪ್ಪವನ್ನು ಇದು ಹೇಳುವುದಿಲ್ಲ. ಬೆಳ್ಳಿ ಎಂದು ಮಾರಿದ್ದು ಬೆಳ್ಳಿಯೇ ಎಂಬುದನ್ನು ಮಾತ್ರ ಚೆನ್ನಾಗಿ ಹೇಳುತ್ತದೆ.

ಏಳನೆಯ ಹೆಜ್ಜೆ: ಬಳಸುವಾಗ ಮತ್ತು ಮರುಲೇಪನಕ್ಕೆ ಕೊಡುವಾಗ

ಅಪ್ಪಟ ಚಿನ್ನವನ್ನು ನಮ್ಮ ಅಮ್ಮಂದಿರು ಅಂಟುವಾಳದ ನೊರೆಯಲ್ಲಿ ಬ್ರಷ್ ಹಾಕಿ ತಿಕ್ಕುತ್ತಿದ್ದರು. ಲೇಪಿತ ಆಭರಣಕ್ಕೆ ಹಾಗೆ ತಿಕ್ಕುವುದು, ಹುಣಸೆಹಣ್ಣು ಅಥವಾ ನಿಂಬೆ ಹಚ್ಚುವುದು, ಬೂದಿ ಅಥವಾ ಹಲ್ಲುಪುಡಿ ಉಜ್ಜುವುದು ಪದರವನ್ನೇ ತೆಗೆದಂತೆ. ಕಳಚಿದ ಕೂಡಲೇ ಮೆತ್ತನೆಯ ಹತ್ತಿ ಬಟ್ಟೆಯಿಂದ ಬೆವರನ್ನು ಒರಸಿ, ಪೂರ್ತಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಜಿಪ್ ಚೀಲದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಇಡಿ. ಸುಗಂಧದ್ರವ್ಯ ಸಿಂಪಡಿಸಿ ಆರಿದ ಮೇಲೆಯೇ ಆಭರಣ ಧರಿಸಿ. ಜುಹು, ಗೊರಾಯಿಗಳ ಕಡಲತೀರಕ್ಕೆ ಹೋಗುವಾಗ ಸ್ಟೀಲಿನದನ್ನು ಬಿಟ್ಟು ಬೇರೆಯದನ್ನು ಮನೆಯಲ್ಲಿಯೇ ಇಡಿ.

ಮರುಲೇಪನ ಮಾಡಿಸುವುದಾದರೆ ಹಿತ್ತಾಳೆ, ತಾಮ್ರ ಮತ್ತು ಬೆಳ್ಳಿಯ ವಸ್ತುಗಳಿಗೆ ಮಾತ್ರ ಅದು ಲಾಭದಾಯಕ. ನಮ್ಮ ಪರಿಚಯದ ಅಕ್ಕಸಾಲಿಗ ಆಚಾರ್ಯರು, ಲೇಪನಕ್ಕಿಂತ ಮೊದಲು ಹಳೆಯ ಪದರವನ್ನು ತೆಗೆದು ಮೈಯನ್ನು ಚೆನ್ನಾಗಿ ಶುಚಿಗೊಳಿಸದಿದ್ದರೆ ಎಷ್ಟೇ ಮೈಕ್ರಾನ್ ಹಾಕಿದರೂ ಸಿಪ್ಪೆಯಂತೆ ಏಳುತ್ತದೆ ಎಂದು ಎಚ್ಚರಿಸಿದ್ದರು. ಆದ್ದರಿಂದ ಕೊಡುವಾಗ ಬರಿಯ ‘ಪಾಲಿಶ್ ಮಾಡಿಕೊಡಿ’ ಎನ್ನದೆ, ಹಳೆಯದನ್ನು ತೆಗೆದು ಇಷ್ಟು ಮೈಕ್ರಾನ್ ಹಾಕಿ ಎಂದು ಹೇಳಬೇಕು. ಅಂಟಿಸಿದ ಹರಳು, ಮುತ್ತುಗಳಿದ್ದರೆ ದ್ರಾವಣದಿಂದ ಅವು ಕೆಡದಂತೆ ಮೊದಲೇ ಬಿಡಿಸಿಕೊಡಬೇಕು. ನಾಲ್ಕನೆಯ ಹೆಜ್ಜೆಯ ಲೆಕ್ಕ ಇಲ್ಲಿಯೂ ಕೆಲಸಕ್ಕೆ ಬರುತ್ತದೆ: ಅತ್ತಿಗೆಯ ಜೋಡಿ ಕಡಗಗಳಿಗೆ ಒಂದು ಮೈಕ್ರಾನ್ ಹಾಕಿಸಲು 96 ಮಿಲಿಗ್ರಾಂ ಚಿನ್ನ ಬೇಕು, ಕೂಲಿ ಬೇರೆ. ಹೋದ ದೀಪಾವಳಿಗೆ ಆ ಲೆಕ್ಕದಂತೆಯೇ ಮಾತಾಡಿ, ಮೈಕ್ರಾನನ್ನು ಚೀಟಿಯಲ್ಲಿ ಬರೆಸಿಕೊಂಡು ಕೊಟ್ಟೆವು. ಕಾಸಿನ ಸರವನ್ನು ಮಾತ್ರ ಹಾಗೆಯೇ ಇಟ್ಟಿದ್ದೇವೆ, ಏಕೆಂದರೆ ನೀರಿನಲ್ಲಿ ತೂಗಿದಾಗ ಅದು ಸತುವಿನ ಎರಕವೆಂದು ತಿಳಿಯಿತು.